ಕಾರಿನ ಕಟಕಟ ಸದ್ದಿನ ಬೆನ್ನು ಹತ್ತಿ

ಹತ್ತು ವರ್ಷ ಹಳೆಯದಾದ ನಮ್ಮ ಡೀಸೆಲ್ ಕಾರು ವಿಜಯಪುರದಿಂದ ಬಾಗಲಕೋಟೆಗೆ ವಾರಕ್ಕೆ ಎರಡು ಸಲವಾದರೂ ಹೋಗಿಬರುತ್ತದೆ. ಕಳೆದ ಬೇಸಿಗೆಯಲ್ಲಿ ಮುಂದಿನ ಎಡಬದಿಯಿಂದ ಕಟಕಟ ಸದ್ದು ಶುರುವಾದಾಗ ಗ್ಯಾರೇಜಿನ ಮಿಸ್ತ್ರಿ ಗಾಲಿಯ ಸಸ್ಪೆನ್ಷನ್ನಿನ ಸ್ಟೆಬಿಲೈಜರ್ ಲಿಂಕ್ ಎಂಬ ಸಣ್ಣ ಸರಳನ್ನು ಬದಲಿಸಿದರು. ಹಣ ಹೋಯಿತು, ಸದ್ದು ಉಳಿಯಿತು. ಕೊನೆಗೆ ನಾನೇ ಹುಡುಕಲು ಕುಳಿತೆ.

ಮೊದಲು ಕಾರನ್ನು ಪೂರ್ತಿ ಖಾಲಿ ಮಾಡಿದೆ. ಡಿಕ್ಕಿಯಲ್ಲಿದ್ದ ಜಾಕು, ಪಾನಾ, ಬಾಗಿಲ ಖಾನೆಯ ನೀರಿನ ಬಾಟಲಿ, ಸೀಟಿನ ಕೆಳಗೆ ಸಿಕ್ಕ ಎರಡು ನಾಣ್ಯ, ಎಲ್ಲವನ್ನೂ ಮನೆಯಲ್ಲಿಟ್ಟು ಸ್ಟೆಪ್ನಿಯ ಬೋಲ್ಟನ್ನು ಬಿಗಿದು ಹೊರಟಾಗ, ಹಿಂದೆಯೂ ಒಂದು ಗಡಗಡ ಇತ್ತೆಂಬುದು ಅದು ನಿಂತ ಮೇಲೆಯೇ ಅರಿವಿಗೆ ಬಂತು.

ಮುಂದಿನ ಸದ್ದನ್ನು ಹಿಡಿಯಲು ಕೊರ್ತಿ–ಕೊಲ್ಹಾರದ ಕೃಷ್ಣಾ ಸೇತುವೆ ನೆರವಾಯಿತು. ತಮ್ಮ ಒಂದೇ ವೇಗದಲ್ಲಿ ಕಾರು ನಡೆಸಿದ. ನಾನು ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡೆ. ಸೇತುವೆಯ ಪ್ರತಿ ಜೋಡಣೆಯ ಮೇಲೆ ಗಾಲಿ ಹಾಯ್ದಾಗ ಒಂದು 'ಟಿಕ್' ಬರುತ್ತಿತ್ತು. ಆದರೆ ನುಣುಪಾದ ರಸ್ತೆಯಲ್ಲಿಯೂ ಗೇರು ಬದಲಿಸುವಾಗ ತಗಡು ನಡುಗಿದಂಥ ಝರ್ರೆನ್ನುವ ದನಿ ಕೇಳುತ್ತಿತ್ತು. ನಾನು ಒಂದೆಂದು ತಿಳಿದಿದ್ದ ಸದ್ದು ನಿಜವಾಗಿ ಎರಡಾಗಿತ್ತು. ಮಿಸ್ತ್ರಿ ದಾರಿ ತಪ್ಪಿದ್ದೂ ಬಹುಶಃ ಇಲ್ಲಿಯೇ.

ಎರಡನೆಯದು ಸುಲಭವಾಗಿ ಸಿಕ್ಕಿತು. ನಿಂತ ಕಾರಿನಲ್ಲಿ, ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಸುಮಾರು 1500 ಆರ್‌ಪಿಎಮ್‌ಗೆ ಏರಿಸಿದರೆ ಅದೇ ಝರ್ರೆನ್ನುವ ದನಿ ಬಂತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೈಲೆನ್ಸರ್ ಪೈಪಿನ ಶಾಖ ತಡೆಯುವ ತಗಡನ್ನು ಮುಷ್ಟಿಯಿಂದ ತಟ್ಟಿ ನೋಡಿದೆ: ಬೋಲ್ಟಿನ ತೂತು ತುಕ್ಕು ತಿಂದು ಅಗಲವಾಗಿ, ತಗಡು ಸಡಿಲಾಗಿತ್ತು. ಸ್ಟೀಲಿನ ಎರಡು ಹೋಸ್ ಕ್ಲಿಪ್ಪುಗಳನ್ನು ಒಂದಕ್ಕೊಂದು ಜೋಡಿಸಿ, ತಗಡನ್ನೂ ಪೈಪನ್ನೂ ಸುತ್ತುವರಿದು ಬಿಗಿದೆ. ಆ ಜಾಗದಲ್ಲಿ ಪ್ಲಾಸ್ಟಿಕ್ ಪಟ್ಟಿಯನ್ನಾಗಲಿ ಟೇಪನ್ನಾಗಲಿ ಬಳಸಬಾರದು, ಕರಗಿಹೋಗುತ್ತದೆ.

'ಟಿಕ್' ಮಾತ್ರ ಎರಡು ಭಾನುವಾರಗಳನ್ನು ನುಂಗಿತು. ಓಡುವ ಕಾರಿನಲ್ಲಿ ಡ್ಯಾಶ್‌ಬೋರ್ಡನ್ನು ಗೇಣು ಗೇಣಾಗಿ ಒತ್ತುತ್ತಾ ಹೋದೆ. ಗಾಜಿನ ಬುಡದಲ್ಲಿ ಒತ್ತಿದರೆ ಸದ್ದು ನಿಲ್ಲುತ್ತಿತ್ತು. ಆದರೆ ಅಲ್ಲಿ ಬಿಚ್ಚಿ ನೋಡಿದರೆ ಏನೂ ಇರಲಿಲ್ಲ. ಸದ್ದು ಪ್ಲಾಸ್ಟಿಕ್ಕಿನುದ್ದಕ್ಕೂ ಹರಿದು ಬೇರೆಡೆ ಕೇಳಿಸುತ್ತದೆ ಎಂಬುದು ಆಗ ಮನದಟ್ಟಾಯಿತು. ಗ್ಲೋವ್ ಬಾಕ್ಸ್ ಕಳಚಿ, ಟಾರ್ಚ್ ಹಿಡಿದು ಒಳಗೆ ಕೈಯಾಡಿಸಿದಾಗ, ಕ್ಲಿಪ್ಪಿನಿಂದ ಜಾರಿದ್ದ ಕಪ್ಲರ್, ಅಂದರೆ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ತುಂಡು, ಒಂದು ಕಬ್ಬಿಣದ ಪಟ್ಟಿಗೆ ಬಡಿಯುತ್ತಿದ್ದುದು ಕಂಡಿತು. ಅದಕ್ಕೆ ಸ್ಪಂಜಿನ ತುಂಡು ಸುತ್ತಿ ಮತ್ತೆ ಕ್ಲಿಪ್ಪಿಗೆ ಸಿಕ್ಕಿಸಿದೆ. ಹಳದಿ ಬಣ್ಣದ ಕಪ್ಲರ್‌ಗಳನ್ನು ಮುಟ್ಟಲಿಲ್ಲ, ಅವು ಏರ್‌ಬ್ಯಾಗಿನವು.

ಗ್ಲೋವ್ ಬಾಕ್ಸಿನ ಮುಚ್ಚಳ ಮುಂಜಾನೆ ಸುಮ್ಮನಿದ್ದು, ನಮ್ಮೂರಿನ ಮಧ್ಯಾಹ್ನದ ಬಿಸಿಲಿಗೆ ಹಿಗ್ಗಿ ಕಿರಗುಟ್ಟುತ್ತಿತ್ತು. ಅಂಚಿಗೆ ಫೆಲ್ಟ್ ಪಟ್ಟಿ ಅಂಟಿಸಿದ ಮೇಲೆ ಅದೂ ನಿಂತಿತು. ಈಗ ಉಳಿದಿರುವುದು ಹಿಂದಿನ ಸೀಟು ಖಾಲಿಯಿದ್ದಾಗ ಬೆಲ್ಟಿನ ಬಕಲ್ ಮಾಡುವ ಸದ್ದೊಂದೇ. ಬೆಲ್ಟ್ ಹಾಕಿಟ್ಟರೆ ಅದೂ ಇಲ್ಲ.