ಮನಸ್ಸು ಕದಡಿದಾಗ ಪಂಚೇಂದ್ರಿಯಗಳಿಗೆ ಕೆಲಸ ಕೊಡಿ

ಮನಸ್ಸು ಕದಡಿದವರಿಗೆ "ಸಮಾಧಾನ ಮಾಡಿಕೊಳ್ಳಿ" ಎಂದರೆ ಸಮಾಧಾನವಾಗುವುದಿಲ್ಲ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮಗಳಲ್ಲಿ ಯಾವುದಾದರೂ ಒಂದಕ್ಕೆ ಕೆಲಸ ಹಚ್ಚಿದರೆ ಮನಸ್ಸು ತಾನಾಗಿ ಅದರ ಹಿಂದೆ ಬರುತ್ತದೆ. ಕಳವಳ ಏರಿದ ಮೇಲೆ ಹುಡುಕಾಡಲು ಆಗದು. ತನಗೆ ಏನು ಒಗ್ಗುತ್ತದೆಂಬುದನ್ನು ನೆಮ್ಮದಿಯಿರುವ ದಿನವೇ ಕಂಡುಕೊಂಡಿರಬೇಕು.

ನಾನು ಮೊದಲು ನೆಚ್ಚುವುದು ಸ್ಪರ್ಶವನ್ನು. ಎದೆ ಡವಗುಟ್ಟುವಾಗ ಹರವಿಯ ತಣ್ಣೀರನ್ನು ಬೊಗಸೆಯಲ್ಲಿ ಹಿಡಿದು ಹಣೆಗೂ ಕಣ್ಣಿನ ಸುತ್ತಲೂ ಹಾಕಿಕೊಳ್ಳಿರಿ. ಮುಖಕ್ಕೆ ತಂಪು ತಗುಲಿದಾಗ ಹೃದಯದ ಬಡಿತ ನಿಧಾನವಾಗುವುದು ದೇಹದ ಸಹಜ ಗುಣ. ನಿದ್ದೆ ಬಾರದವರಿಗೆ ಚಳ್ಳಕೆರೆ ಕಡೆಯ ಕುರಿಯುಣ್ಣೆಯ ಕಂಬಳಿ ಒಳ್ಳೆಯದು. ಚುಚ್ಚುತ್ತದೆಂದು ಈಗಿನ ಮಕ್ಕಳು ಅದನ್ನು ಅಟ್ಟಕ್ಕೆ ಸೇರಿಸುತ್ತಾರೆ, ಆದರೆ ಒಳಗೆ ಹಳೆಯ ನೂಲಿನ ಸೀರೆ ಹೊದ್ದು ಮೇಲೆ ಕಂಬಳಿ ಎಳೆದುಕೊಂಡರೆ ಚುಚ್ಚು ತಿಳಿಯದು, ಅದರ ಭಾರವೇ ಹಿರಿಯರು ಬೆನ್ನ ಮೇಲೆ ಕೈಯಿಟ್ಟಂತೆ ಹಿತವೆನಿಸುತ್ತದೆ. ದಾವಣಗೆರೆಯ ಏಪ್ರಿಲ್ ಸೆಖೆಯಲ್ಲಿ ಈ ಮಾತು ನಡೆಯದು. ಆಗ ಒದ್ದೆ ಟವೆಲನ್ನು ಹಿಂಡಿ ಕತ್ತಿನ ಹಿಂದೆ ಹಾಕಿಕೊಂಡು ಮಾಳಿಗೆಯ ಮೇಲೆ ಕೂಡುವುದೇ ಸರಿ.

ವಾಸನೆಗೆ ಮಿದುಳಿನಲ್ಲಿ ಭಾವನೆ, ನೆನಪುಗಳ ಜಾಗ ಬಹಳ ಹತ್ತಿರ. ಹಾಗಾಗಿ ಅದರ ಪರಿಣಾಮ ಬೇಗ. ಆದರೂ ಮುಚ್ಚಿದ ಕೋಣೆಯಲ್ಲಿ ಊದುಬತ್ತಿ ಹಚ್ಚುವುದು ನನಗೆ ಸೇರದು, ಹೊಗೆಗೆ ಉಸಿರು ಇನ್ನಷ್ಟು ಕಟ್ಟುತ್ತದೆ. ಮರುಗದ ಎರಡು ಎಲೆ ಹೊಸಕಿ ಮೂಗಿಗೆ ಹಿಡಿಯಿರಿ, ಮತ್ತು ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿರಿ.

ನಾಲಿಗೆಯ ವಿಷಯದಲ್ಲಿ ಎಚ್ಚರ ಬೇಕು. ಬೇಸರವಾದ ಕೂಡಲೇ ಖಾರ ಮಂಡಕ್ಕಿ, ಮಿರ್ಚಿ ತರಿಸುವುದು ನಮ್ಮೂರಿನ ರೂಢಿ. ಪೊಟ್ಟಣ ಖಾಲಿಯಾದದ್ದೂ ಗೊತ್ತಾಗದಂತೆ ತಿಂದರೆ ಹೊಟ್ಟೆ ಉರಿಯುತ್ತದೆಯೇ ಹೊರತು ಮನಸ್ಸು ತಣಿಯುವುದಿಲ್ಲ. ಬೆಲ್ಲದ ಒಂದು ಚೂರನ್ನು ಕಚ್ಚದೆ ಕರಗಲು ಬಿಡಿ. ಸಕ್ಕರೆ ಕಾಯಿಲೆಯಿದ್ದವರಿಗೆ ಲವಂಗ ಸಾಕು.

ಕಣ್ಣು ಕಿವಿಗಳಿಗೆ ಮೊಬೈಲು, ಟಿವಿ ಬಂದ್ ಮಾಡುವುದೇ ಅರ್ಧ ಔಷಧ. ಚಿತ್ರದುರ್ಗದವರು ಬೆಟ್ಟದ ಮೇಲಿನ ಗಾಳಿಯಂತ್ರಗಳಲ್ಲಿ ಒಂದನ್ನೇ ಆರಿಸಿಕೊಂಡು ಅದರ ರೆಕ್ಕೆಯ ಸುತ್ತನ್ನು ನೋಡುತ್ತಾ ಕೂಡಬಹುದು. ದಾವಣಗೆರೆಯವರಿಗೆ ಕುಂದುವಾಡ ಕೆರೆಯ ಏರಿಯಿದೆ.

ಇವೆಲ್ಲ ಆ ಹೊತ್ತಿನ ತಳಮಳಕ್ಕೆ ಮಾತ್ರ. ಎರಡು ವಾರ ಕಳೆದರೂ ಊಟ, ನಿದ್ದೆ ಹತ್ತದಿದ್ದರೆ ವೈದ್ಯರನ್ನು ಕಾಣಬೇಕು, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಅದು ಉಚಿತ, ಕನ್ನಡದಲ್ಲಿಯೇ ಮಾತನಾಡುತ್ತಾರೆ.