ಮಾರ್ಕ್ ನಂಬದೆ ಬುಲೆಟ್‌ನ ಕ್ಯಾಮ್ ಕೂರಿಸಿದ್ದು: ನನ್ನ ಅನುಭವ

ಹಳೇ ಕಾಸ್ಟ್ ಐರನ್ ಬುಲೆಟ್ 350ರ ಕ್ಯಾಮ್ (ಇಂಜಿನ್ ವಾಲ್ವ್ ತೆರೆದು ಮುಚ್ಚಿಸುವ ಉಬ್ಬು) ಬದಲಿಸಿದವರಿಗೆಲ್ಲ ಕೆಲಸ ಗೊತ್ತೇ ಇದೆ. ಕ್ರ್ಯಾಂಕ್‌ನ ಪಿನಿಯನ್ (ಸಣ್ಣ ಹಲ್ಲು ಚಕ್ರ), ಎರಡು ಕ್ಯಾಮ್ ವೀಲ್‌ಗಳ ಮೇಲೆ ಹೊಡೆದಿರುವ ಮಾರ್ಕ್ ಕೂಡಿಸು, ಟೈಮಿಂಗ್ ಕವರ್ ಮುಚ್ಚು. ಕಂಪನಿ ಮಾಲು ಆದರೆ ಅಷ್ಟು ಸಾಕು. ಈಗ ಅಂಗಡಿಯಲ್ಲಿ ಸಿಗುವ ಮಾಲಿಗೆ ಸಾಲದು, ಅಳೆದೇ ಕೂರಿಸಬೇಕು. ನಾನು ಹೀಗೆ ಹೇಳಿದಾಗ ಗೋಣಿಕೊಪ್ಪದಿಂದ ಕುಶಾಲನಗರದವರೆಗೆ ಒಬ್ಬರೂ ಒಪ್ಪಲಿಲ್ಲ. ಈಗ ಗಾಡಿ ಚೆನ್ನಾಗಿ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಅಪ್ಪನ ಕಾಲದ್ದು. ಎಕ್ಸಾಸ್ಟ್ ಕ್ಯಾಮ್‌ನ ಮೂಗು ಸವೆದು ಗುಳಿ ಬಿದ್ದಿತ್ತು, ಕ್ಯಾಮ್ ಮೇಲೆ ಕೂರುವ ಟ್ಯಾಪೆಟ್‌ನ ಕಾಲೂ ತಿಂದುಹೋಗಿತ್ತು. ಮೈಸೂರಿನಿಂದ ಹೊಸ ಸೆಟ್ ತಂದೆ. ಟ್ಯಾಪೆಟ್ ಸೇರಿ ಎರಡೂವರೆ ಸಾವಿರದ ಆಸುಪಾಸು. ಕೈ ಪಳಗಿದ ಮೇಸ್ತ್ರಿಯೊಬ್ಬರೇ ಮಾರ್ಕ್‌ಗೆ ಮಾರ್ಕ್ ಇಟ್ಟು ಕೂರಿಸಿದರು. ಗಾಡಿ ಸ್ಟಾರ್ಟ್ ಆಯಿತು, ಆದರೆ ಜೀವ ಇರಲಿಲ್ಲ. ಕಿಕ್ಕರ್ ಒತ್ತಿದರೆ ಕಂಪ್ರೆಷನ್ ಮೆತ್ತಗೆ. ಕೂಟುಪುಳದಿಂದ ಮಾಕುಟ್ಟ ಘಾಟಿ ಹತ್ತುವಾಗ ಮೂರನೇ ಗೇರ್ ಹಿಡಿಯಲೇ ಇಲ್ಲ, ಪೆರುಂಬಾಡಿವರೆಗೂ ಎರಡರಲ್ಲೇ ಗೋಳಾಡಿಕೊಂಡು ಬಂತು. ಏರ್ ಫಿಲ್ಟರ್ ತೆಗೆದು ನೋಡಿದರೆ ಪೆಟ್ರೋಲಿನಲ್ಲಿ ನೆಂದಿತ್ತು.

ಎಲ್ಲರೂ ಕಾರ್ಬುರೇಟರ್ ಕಡೆ ಬೆರಳು ತೋರಿಸಿದರು. ಮಿಕ್ಕಾರ್ಬ್‌ಗೆ ಕಿಟ್ ಹಾಕಿಸಿದೆ, ಜೆಟ್ ಬದಲಿಸಿದೆ, ಕೊನೆಗೆ ಹೊಸ ಕಾರ್ಬುರೇಟರ್ ಕೊಂಡೆ. ಆಮೇಲೆ ವಾಲ್ವ್ ಉಜ್ಜಿಸು ಅಂದರು. ಬಳಿಕ ಬೋರ್ ಮಾಡಿಸಿ ಪಿಸ್ಟನ್ ಹಾಕು ಅಂದರು. ಅದನ್ನೂ ಮಾಡಿಸಿದೆ. ಒಟ್ಟು ಹನ್ನೆರಡು ಹದಿಮೂರು ಸಾವಿರ ಹೋಯಿತು. ಆ ವರ್ಷದ ಕಾಪಿ ದುಡ್ಡಿನಲ್ಲಿ ಡ್ರೈಯಿಂಗ್ ಯಾರ್ಡ್ ರಿಪೇರಿಗೆ ಅಂತ ತೆಗೆದಿಟ್ಟಿದ್ದು ಅದು. ಘಾಟಿಯಲ್ಲಿ ಮಾತ್ರ ಮತ್ತೆ ಎರಡನೇ ಗೇರೇ.

ನನಗೆ ಅನುಮಾನ ಬಂದದ್ದು ನೆಂದ ಫಿಲ್ಟರ್‌ನಿಂದ. ಪಿಸ್ಟನ್ ಮೇಲೆ ಬರುವಾಗ ಇನ್‌ಲೆಟ್ ವಾಲ್ವ್ ಇನ್ನೂ ತೆರೆದೇ ಇದ್ದರೆ, ಎಳೆದುಕೊಂಡ ಪೆಟ್ರೋಲ್ ವಾಪಸ್ ಕಾರ್ಬುರೇಟರ್ ಬಾಯಿಗೆ ಬರುತ್ತದೆ. ಕಂಪ್ರೆಷನ್ನೂ ಮೆತ್ತಗಾಗುತ್ತದೆ. ಎರಡೂ ಒಂದೇ ಕಡೆ ಬೊಟ್ಟು ಮಾಡುತ್ತಿದ್ದವು, ಅಲ್ವಾ? ಮೇಸ್ತ್ರಿಗೆ ಹೇಳಿದೆ. ‘ಇಷ್ಟು ವರ್ಷ ಡಾಟ್‌ಗೆ ಡಾಟ್ ಇಟ್ಟೇ ಕೂರಿಸಿದ್ದೀನಿ ಮಾರಾಯಾ, ಇನ್ನೇನು ಅಳೀತೀಯಾ?’ ಅಂದರು. ಅವರು ಇಟ್ಟ ಮಾರ್ಕ್ ಸರಿಯಾಗೇ ಇತ್ತು. ತಪ್ಪಿದ್ದು ಮಾರ್ಕ್ ಹೊಡೆದ ಜಾಗ.

ಕ್ರ್ಯಾಂಕ್ ಎಷ್ಟು ತಿರುಗಿತು ಅಂತ ಓದುವ ಡಿಗ್ರಿ ವೀಲ್ ಕೊಳ್ಳಲಿಲ್ಲ. ಮೊದಲು ಕಾಗದದಲ್ಲಿ ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿದೆ. ಕಕ್ಕಡ ತಿಂಗಳ ಮಳೆ, ಶೆಡ್‌ನಲ್ಲಿ ಒಣಗಿದ್ದು ಅಂತ ಏನೂ ಇಲ್ಲ. ರಾತ್ರಿ ಬೆಳಗಾಗುವುದರೊಳಗೆ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಯಿತು, ಓದಿದ ಡಿಗ್ರಿ ಪ್ರತಿಸಲ ಬೇರೆ ಬೇರೆ. ಆಮೇಲೆ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ತಗಡನ್ನು ದುಂಡಗೆ ಕತ್ತರಿಸಿ ನಡುವೆ ತೂತು ಮಾಡಿಸಿ, ಪ್ಲಾಸ್ಟಿಕ್ ಹಾಳೆಯ ಪ್ರಿಂಟ್ ಅಂಟಿಸಿದೆ. ಮುನ್ನೂರು ರೂಪಾಯಿ ಒಳಗೆ ಮುಗಿಯಿತು. ಪ್ರೈಮರಿ ಕವರ್ ಬಿಚ್ಚಿ ಆಲ್ಟರ್ನೇಟರ್ ರೋಟರ್ ನಟ್‌ನಲ್ಲಿ ಹಿಡಿಸಿದೆ. ಮುಳ್ಳಿಗೆ ಸೈಕಲ್ ಕಡ್ಡಿ.

ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲೆ ಬರುವ ಜಾಗ, ಹುಡುಕುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಪ್ಲಗ್ ತೂತಿಗೆ ಕಡ್ಡಿ ಇಟ್ಟು ಕಣ್ಣಳತೆಯಲ್ಲಿ ನೋಡುವುದು ಇಲ್ಲಿ ನಡೆಯುವುದಿಲ್ಲ. ಬುಲೆಟ್‌ನ ಸ್ಟ್ರೋಕ್ 90 ಮಿಮೀ. ಆದರೂ ತುದಿಯಲ್ಲಿ ಕ್ರ್ಯಾಂಕ್ ಐದು ಡಿಗ್ರಿ ತಿರುಗಿದರೆ ಪಿಸ್ಟನ್ ಇಳಿಯುವುದು 0.2 ಮಿಮೀ ಆಸುಪಾಸು ಮಾತ್ರ. ಹಳೇ ಪ್ಲಗ್‌ನ ಪಿಂಗಾಣಿ ಒಡೆದು, ಒಳಗೆ ಬೋಲ್ಟ್ ವೆಲ್ಡ್ ಮಾಡಿಸಿ, ತುದಿ ಗುಂಡಗೆ ಮಾಡಿಸಿದೆ. ಅದನ್ನು ಹಾಕಿ ಪಿಸ್ಟನ್ ತಾಗುವವರೆಗೆ ಮೆಲ್ಲಗೆ ಒಂದು ಕಡೆ ತಿರುಗಿಸು, ಓದು. ಇನ್ನೊಂದು ಕಡೆ ತಿರುಗಿಸು, ಓದು. ಎರಡರ ನಡುವೆ ಟಿಡಿಸಿ. ಪ್ಲಗ್ ಓರೆಯಾಗಿ ಕೂರುವುದರಿಂದ ಬೋಲ್ಟ್ ಉದ್ದ ಆದರೆ ವಾಲ್ವ್‌ಗೆ ತಾಗಬಹುದು, ನೋಡಿಕೊಳ್ಳಿ.

ವಾಲ್ವ್ ಎಷ್ಟು ಸರಿಯಿತು ಅಂತ ತೋರಿಸುವ ಡಯಲ್ ಗೇಜ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು, ಎಂಟುನೂರೋ ಒಂಬೈನೂರೋ. ಅದರ ಮ್ಯಾಗ್ನೆಟ್ ಸ್ಟ್ಯಾಂಡ್ ಇಲ್ಲಿ ದಂಡ, ಹೆಡ್ ಅಲ್ಯೂಮಿನಿಯಂ. ಸ್ಟ್ಯಾಂಡನ್ನು ಬ್ಲಾಕ್‌ಗೆ ಅಂಟಿಸಿ ಉದ್ದ ಕೈ ಚಾಚಿದರೆ ಮುಳ್ಳು ನಡುಗುತ್ತದೆ. ರಾಕರ್ ಕವರ್‌ನ ಸ್ಟಡ್‌ಗೆ ಕಬ್ಬಿಣದ ಪಟ್ಟಿ ಬಿಗಿದು ಅದರ ಮೇಲೆ ಗೇಜ್ ನಿಲ್ಲಿಸಿದೆ. ಅಲುಗಾಟ ನಿಂತಿತು.

ವಾಲ್ವ್ ತೆರೆಯುವ ಕ್ಷಣ ಹಿಡಿಯಲು ಹೋಗಬೇಡಿ. ಅಲ್ಲಿ ಕ್ಯಾಮ್ ಎಷ್ಟು ನಿಧಾನ ಏರುತ್ತದೆ ಅಂದರೆ ಪ್ರತಿಸಲ ಬೇರೆ ಅಂಕಿ ಬರುತ್ತದೆ. ನಾನು ಕ್ಯಾಮ್ ಏರುವಾಗ 1 ಮಿಮೀ ಲಿಫ್ಟ್‌ನಲ್ಲಿ (ವಾಲ್ವ್ ತೆರೆದ ಅಳತೆ) ಒಂದು ಡಿಗ್ರಿ, ಇಳಿಯುವಾಗ ಅದೇ 1 ಮಿಮೀಗೆ ಇನ್ನೊಂದು ಓದಿ ನಡು ತೆಗೆದೆ. ಹಳೇ ಪುಸ್ತಕದ ಲೆಕ್ಕ ಹೀಗಿದೆ: ಇನ್‌ಲೆಟ್ ಟಿಡಿಸಿಗೆ 30 ಡಿಗ್ರಿ ಮುಂಚೆ ತೆರೆದು ಬಿಡಿಸಿ (BDC, ಪಿಸ್ಟನ್ ತೀರಾ ಕೆಳಗಿರುವ ಜಾಗ) ಆದ ಮೇಲೆ 60ಕ್ಕೆ ಮುಚ್ಚಬೇಕು. ಎಕ್ಸಾಸ್ಟ್ ಬಿಡಿಸಿಗೆ 75 ಮುಂಚೆ ತೆರೆದು ಟಿಡಿಸಿ ಆದ ಮೇಲೆ 35ಕ್ಕೆ ಮುಚ್ಚಬೇಕು. ನಡು ತೆಗೆದರೆ ಇನ್‌ಲೆಟ್‌ದು ಟಿಡಿಸಿ ಆದ ಮೇಲೆ 105, ಎಕ್ಸಾಸ್ಟ್‌ದು ಟಿಡಿಸಿಗೆ ಮುಂಚೆ 110.

ನನ್ನ ಗಾಡಿಯಲ್ಲಿ ಇನ್‌ಲೆಟ್‌ದು 118ರ ಹತ್ತಿರ ಬಂತು. ಮತ್ತೆ ಮತ್ತೆ ಅಳೆದರೂ ಅದೇ. ಮಾರ್ಕ್ ಒಂದು ಹಲ್ಲು ಪಕ್ಕಕ್ಕೆ ಹೊಡೆದಿದ್ದರು! ಕ್ಯಾಮ್ ಒಂದು ಸುತ್ತು ಬರುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ; ಅದನ್ನು ಕ್ಯಾಮ್ ವೀಲ್‌ನ ಹಲ್ಲಿನ ಲೆಕ್ಕದಿಂದ ಭಾಗಿಸಿದರೆ ಒಂದು ಹಲ್ಲಿಗೆ ಎಷ್ಟು ಡಿಗ್ರಿ ಅಂತ ನಿಮಗೇ ಸಿಗುತ್ತದೆ. ಹತ್ತಕ್ಕಿಂತ ಜಾಸ್ತಿಯೇ. ಹಲ್ಲು ದಾಟಿಸಿದೆ, 104-105ಕ್ಕೆ ಬಂತು. ಆ ಹೊತ್ತಿನ ಖುಷಿ ಕೆಲಸ ಮಾಡಿದವರಿಗೇ ಗೊತ್ತು. ಇನ್‌ಲೆಟ್ ಮುಟ್ಟಿದರೆ ಎಕ್ಸಾಸ್ಟನ್ನೂ ತೆಗೆದು ಹೊಸದಾಗಿ ಅಳೆದೇ ಕೂರಿಸಿ. ತಿರುಗಿಸುವಾಗಲೆಲ್ಲ ಕ್ಯಾಮ್‌ಗೆ ಎಣ್ಣೆ ಸವರುತ್ತಿರಿ, ಟೈಮಿಂಗ್ ಕವರ್ ಇಲ್ಲದಾಗ ಎಣ್ಣೆ ಪಂಪ್ ಇಲ್ಲ.

ಎಕ್ಸಾಸ್ಟ್ ಅಷ್ಟು ಸುಲಭ ಆಗಲಿಲ್ಲ. ಐದಾರು ಡಿಗ್ರಿ ವ್ಯತ್ಯಾಸ. ಹಲ್ಲು ದಾಟಿಸಿದರೆ ಇನ್ನೊಂದು ಕಡೆಗೆ ಅದಕ್ಕಿಂತ ಜಾಸ್ತಿ ಹೋಗುತ್ತಿತ್ತು. ಕ್ಯಾಮ್‌ನ ಮೂಗೇ ವೀಲ್ ಮೇಲೆ ಓರೆ ಕೂತಿದೆ ಅಂತ ಅರ್ಥ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಇನ್ನೊಂದು ಸೆಟ್ ತರಿಸಿದೆ, ಮತ್ತೆ ಎರಡು ಸಾವಿರ ಚಿಲ್ಲರೆ. ಅದರಲ್ಲಿ ಎಕ್ಸಾಸ್ಟ್ ಚೆನ್ನಾಗಿತ್ತು, ಇನ್‌ಲೆಟ್ ಬೇಡವಾಗಿತ್ತು. ಎರಡು ಸೆಟ್ ಸೇರಿಸಿ ಒಂದು ಒಳ್ಳೆಯ ಜೋಡಿ ಮಾಡಿಕೊಂಡೆ. ಅರ್ಧ ಹಲ್ಲಿನ ವ್ಯತ್ಯಾಸ ತೆಗೆಯಲು ಪಿನಿಯನ್‌ನಲ್ಲಿ ಒಂದು ಉಪಾಯವೂ ಇದೆ. ಅದನ್ನು ಬರೆಯುವುದಿಲ್ಲ, ಶೆಡ್‌ಗೆ ಬಂದವರಿಗೆ ತೋರಿಸುತ್ತೇನೆ.

ಗೇಜ್ ಕೈಲಿದ್ದಾಗ ಸುಮ್ನೆ ಇರಲಾಗಲಿಲ್ಲ. ಸವೆದ ಹಳೇ ಕ್ಯಾಮ್ ಹಾಕಿ ನೋಡಿದೆ, ಲಿಫ್ಟ್ ಮುಕ್ಕಾಲು ಮಿಲಿಮೀಟರ್‌ನಷ್ಟು ಹೋಗಿತ್ತು. ಇನ್ನೊಂದು ಪ್ರಯೋಗ: ಇನ್‌ಲೆಟ್ ಬೇಕಂತಲೇ ಒಂದು ಹಲ್ಲು ಮುಂದೆ ಇಟ್ಟು, ಎಲ್ಲೂ ತಾಗುತ್ತಿಲ್ಲ ಅಂತ ಕೈಯಲ್ಲಿ ತಿರುಗಿಸಿ ಖಾತ್ರಿ ಮಾಡಿಕೊಂಡು ಓಡಿಸಿದೆ. ತೋಟದ ಏರಿನಲ್ಲಿ ಟ್ರ್ಯಾಕ್ಟರ್‌ನಂಥ ಎಳೆತ. ಟಾರು ರಸ್ತೆಯಲ್ಲಿ ಅರವತ್ತು ದಾಟಿದರೆ ಉಸಿರು ಕಟ್ಟಿತು. ತೋಟದೊಳಗೇ ಓಡಿಸುವವರಿಗೆ ಅದೂ ಕೆಟ್ಟದ್ದಲ್ಲ ಅಂತ ಈಗಲೂ ಅನ್ನಿಸುತ್ತದೆ.

ಜೋಡಿ ಸರಿಯಾದ ಮೇಲೆ ಕಲ್ಲಿನ ಚಕ್ರದಿಂದ ಹೊಸ ಗೀಟು ಹಾಕಿ, ಹಳೇ ಡಾಟ್‌ಗಳನ್ನು ಅಳಿಸಿದೆ. ಮುಂದೆ ಬಿಚ್ಚುವವರಿಗೆ ಗೊಂದಲ ಬೇಡ. ಟ್ಯಾಪೆಟ್ ತಣ್ಣಗಿದ್ದಾಗ ಪುಶ್ ರಾಡ್ ಬೆರಳಲ್ಲಿ ತಿರುಗುವಷ್ಟು ಸಡಿಲ, ಮೇಲೆ ಕೆಳಗೆ ಆಟ ಇಲ್ಲ. ಆಯುಧ ಪೂಜೆ ಮಾಡುವ ನಮ್ಮ ಕೈಲ್‌ಪೊಳ್ದ್‌ ಹಬ್ಬಕ್ಕೆ ಮುಂಚೆ ಗಾಡಿ ಹೊರಗೆ ಬಂತು, ಕೋವಿಯ ಪಕ್ಕದಲ್ಲಿ ಅದಕ್ಕೂ ಹೂವು ಇಟ್ಟೆವು.

ಕೂಟುಪುಳದಿಂದ ಪೆರುಂಬಾಡಿಗೆ ಈಗ ಮೂರನೇ ಗೇರಿನಲ್ಲೇ ಹತ್ತುತ್ತದೆ, ಕೆಲವು ತಿರುವು ಬಿಟ್ಟು. ಮೈಲೇಜ್ ಇಪ್ಪತ್ತೆರಡು ಇದ್ದದ್ದು ಮೂವತ್ತರ ಮೇಲೆ ಬಂದಿದೆ. ಫಿಲ್ಟರ್ ಒಣಗಿದೆ. ಮೇಸ್ತ್ರಿ ಒಂದು ಸುತ್ತು ಓಡಿಸಿ ಬಂದು, ಮಾತಾಡದೆ ಆ ತಗಡಿನ ಚಕ್ರ ಕೈಗೆತ್ತಿಕೊಂಡು ತುಂಬಾ ಹೊತ್ತು ನೋಡಿದರು. ಮುಂದಿನ ವಾರ ಅಮ್ಮತ್ತಿ ಕಡೆಯ ಗಿರಾಕಿಯ ಬುಲೆಟ್ ನನ್ನ ಶೆಡ್‌ಗೆ ಕಳಿಸಿದರು. ಅದರ ಇನ್‌ಲೆಟ್ ಅಳೆದಾಗಿದೆ, 106 ಇದೆ. ಎಕ್ಸಾಸ್ಟ್ ಇನ್ನು ನೋಡಬೇಕು.