ಬಂಪರ್‌ಗೆ ವಿಂಚ್ ಕೂರಿಸುವುದು ಹೇಗೆ?

ಸಕಲೇಶಪುರ, ಮಡಿಕೇರಿ ಕಡೆ ಮಳೆಗಾಲದಲ್ಲಿ ತೋಟದ ದಾರಿ ಹಿಡಿಯುವ ಥಾರ್, ಜಿಮ್ನಿಯವರು ಒಂದಲ್ಲ ಒಂದು ದಿನ ವಿಂಚ್ (ಹೂತುಹೋದ ಗಾಡಿಯನ್ನು ಹಗ್ಗದಿಂದ ಎಳೆದು ತೆಗೆಯುವ ಮೋಟಾರ್ ಯಂತ್ರ) ಬೆಲೆ ವಿಚಾರಿಸುತ್ತಾರೆ. ಅದಕ್ಕೂ ಮೊದಲು ವಿಚಾರಿಸಬೇಕಾದದ್ದು ವಿಂಚ್ ಕೂರುವ ಉಕ್ಕಿನ ಪ್ಲೇಟ್ ಬಗ್ಗೆ. ಪ್ಲಾಸ್ಟಿಕ್ ಬಂಪರ್ ಬರೀ ಮುಖವಾಡ; ಎಳೆತವೆಲ್ಲ ಚಾಸಿಗೇ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟಿಗೇ, ಹೋಗಬೇಕು.

ವಿಂಚ್‌ನ ಶಕ್ತಿ ಗಾಡಿಯ ಒಟ್ಟು ತೂಕದ ಕನಿಷ್ಠ ಒಂದೂವರೆ ಪಟ್ಟು ಇರಲಿ. ಐದು ಬಾಗಿಲಿನ ಜಿಮ್ನಿಯ ಒಟ್ಟು ತೂಕ, ಜನ ಸಾಮಾನು ಸೇರಿ, 1,545 ಕಿಲೊ. ಅಂದರೆ ವಿಂಚ್ 2,300 ಕಿಲೊ ದಾಟಿರಬೇಕು. ಡಬ್ಬದ ಮೇಲಿನ ಅಂಕಿ ಹಗ್ಗ ಸುತ್ತುವ ಡ್ರಮ್ಮಿನ ಮೊದಲ ಸುತ್ತಿನ ಪದರಕ್ಕೆ ಮಾತ್ರ. ಪದರ ಏರಿದಂತೆ ಎಳೆಯುವ ಬಲ ಇಳಿಯುತ್ತದೆ.

ಕೆಲಸ ಶುರುಮಾಡುವಾಗ ಬ್ಯಾಟರಿಯ ನೆಗೆಟಿವ್ ತೆಗೆದು, ಬಂಪರ್ ಬಿಚ್ಚಿ. ನಿಮ್ಮ ಮಾದರಿಗೆಂದೇ ಮಾಡಿದ ಪ್ಲೇಟನ್ನು ಚಾಸಿಯ ಎರಡೂ ತುದಿಗೆ ಬೋಲ್ಟ್ ಮಾಡಿ. ಏರ್‌ಬ್ಯಾಗ್ ಸೆನ್ಸರ್ ಇದ್ದ ಜಾಗದಲ್ಲೇ ಇರಬೇಕು, ರೇಡಿಯೇಟರ್‌ಗೆ ಗಾಳಿ ತಪ್ಪಬಾರದು.

ವಿಂಚ್‌ನ ಕಾಲಿನಲ್ಲಿರುವ ಸೀಳಿಗೆ ಚೌಕದ ನಟ್ ತೂರಿಸಿ, ಕೆಳಗಿನಿಂದ ಬೋಲ್ಟ್ ಕೊಡಿ. ವಿಂಚ್ ಜೊತೆ ಬಂದ ಬೋಲ್ಟೇ ಬಳಸಿ. ಉದ್ದದ್ದು ಹಾಕಿದರೆ ತುದಿ ಎರಕದ ಮೈಗೆ ಒತ್ತಿ ಬಿರುಕು ಬಿಡಿಸುತ್ತದೆ, ಗಿಡ್ಡದ್ದಕ್ಕೆ ಹಿಡಿತ ಸಾಲದು. ನಾಲ್ಕನ್ನೂ ಕೈಯಲ್ಲಿ ಹಿಡಿಸಿ, ಆಮೇಲೆ ಟಾರ್ಕ್ ರೆಂಚ್‌ನಿಂದ (ಬಿಗಿಯ ಬಲ ಅಳೆಯುವ ಸ್ಪ್ಯಾನರ್) ಕೈಪಿಡಿಯ ಅಳತೆಗೆ ಬಿಗಿ ಮಾಡಿ. ಬಂಪರ್ ಮರಳಿ ಹಾಕುವ ಮುನ್ನ, ಹಗ್ಗ ಕೈಯಲ್ಲಿ ಎಳೆಯಲು ಡ್ರಮ್ ಸಡಿಲಿಸುವ ವಿಂಚ್‌ನ ಕ್ಲಚ್ ಹಿಡಿಕೆಗೆ ಕೈ ತಲುಪುತ್ತದೆಯೇ ನೋಡಿ. ಇದನ್ನು ಮರೆತು ಎರಡನೇ ಸಲ ಬಿಚ್ಚುವವರೇ ಜಾಸ್ತಿ.

ಹಗ್ಗ ಹೊರಬರುವ ಬಾಯಿಗೆ ಫೇರ್‌ಲೀಡ್ ಎನ್ನುತ್ತಾರೆ. ಉಕ್ಕಿನ ಹಗ್ಗಕ್ಕೆ ರೋಲರ್ ಫೇರ್‌ಲೀಡ್, ಸಿಂಥೆಟಿಕ್ ಹಗ್ಗಕ್ಕೆ ನುಣುಪಾದ ಅಲ್ಯೂಮಿನಿಯಂನದು. ನನ್ನ ಆಯ್ಕೆ ಸಿಂಥೆಟಿಕ್: ಮುಂಭಾಗಕ್ಕೆ ಭಾರ ಕಡಿಮೆ, ತುಂಡಾದರೂ ಉಕ್ಕಿನಷ್ಟು ಅಪಾಯವಿಲ್ಲ.

ಪೂರ್ತಿ ಎಳೆತದಲ್ಲಿ ದೊಡ್ಡ ವಿಂಚ್ 400 ಆಂಪಿಯರ್ ಆಸುಪಾಸು ಕರೆಂಟ್ ಹೀರುತ್ತದೆ. ಹಾಗಾಗಿ ಕೆಂಪು, ಕಪ್ಪು ಎರಡೂ ಕೇಬಲ್ ನೇರ ಬ್ಯಾಟರಿಗೇ ಹೋಗಲಿ, ಚಾಸಿ ಅರ್ತ್ ನಂಬಬೇಡಿ. ನಡುವೆ ಕರೆಂಟ್ ಪೂರ್ತಿ ಕಡಿಯುವ ಐಸೊಲೇಟರ್ ಸ್ವಿಚ್ ಇರಲಿ. ಕೇಬಲ್ ಫ್ಯಾನಿಗಾಗಲಿ, ತಗಡಿನ ಅಂಚಿಗಾಗಲಿ ತಾಗದಂತೆ ರಬ್ಬರ್ ಕೊಳವೆ ಹೊದಿಸಿ.

ಕಾನೂನಿನ ಮಾತೂ ಇದೆ. ಬಂಪರ್ ಮುಂದೆ ಕಬ್ಬಿಣದ ಕ್ರಾಶ್ ಗಾರ್ಡ್, ಬುಲ್ ಬಾರ್ ಹಾಕಿದವರ ಮೇಲೆ ಕ್ರಮಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ದಪ್ಪ ಕಬ್ಬಿಣದ ಬಂಪರ್ ಬದಲು ಕಂಪನಿ ಬಂಪರಿನ ಹಿಂದೆ ಅಡಗುವ ಪ್ಲೇಟ್ ಹುಡುಕಿ, ಆರ್‌ಟಿಒದಲ್ಲಿ ಕೇಳಿಕೊಳ್ಳಿ.

ಕೊನೆಗೆ, ಹಗ್ಗ ಎಳೆದು ಮರದ ಬುಡಕ್ಕೆ ಪಟ್ಟಿ ಸುತ್ತಿ ಕೊಕ್ಕೆ ಹಾಕಿ. ಡ್ರಮ್ಮಿನಲ್ಲಿ ಕೈಪಿಡಿ ಹೇಳಿದಷ್ಟು ಸುತ್ತು ಉಳಿದಿರಲಿ. ಸಣ್ಣ ಏರಿನಲ್ಲಿ ಗಾಡಿಯ ಭಾರದಿಂದಲೇ ಹಗ್ಗ ಬಿಗಿಯಾಗಿ, ಸಾಲಾಗಿ ಸುತ್ತಿಕೊಳ್ಳಲಿ. ಸಡಿಲ ಸುತ್ತಿದ್ದರೆ ಮೇಲಿನ ಪದರ ಕೆಳಗಿನದರೊಳಗೆ ಕಚ್ಚಿಕೊಳ್ಳುತ್ತದೆ. ಇಷ್ಟಾದ ಮೇಲೆ ಬೋಲ್ಟ್‌ಗಳ ಬಿಗಿ ಮತ್ತೊಮ್ಮೆ ನೋಡಿ.